ಹೋಟೆಲ್ ಊಟ ಮಾಡಿ ಆಸ್ಪತ್ರೆ ಸೇರಿದವರು ಆ ಕಾಗದಕ್ಕೆ ಸಹಿ ಹಾಕಬೇಕಾ?

ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗಲು ಆಗಲಿಲ್ಲ. ಮುಂಬೈನ ಬೊರಿವಲಿಯ ಒಂದು ಹೋಟೆಲಿನಲ್ಲಿ ಮನೆಯ ನಾಲ್ಕು ಜನ ಊಟ ಮಾಡಿದಿರಿ, ಮರುದಿನ ನಾಲ್ವರಿಗೂ ವಾಂತಿ, ಭೇದಿ, ಜ್ವರ. ಇಬ್ಬರು ಆಸ್ಪತ್ರೆ ಸೇರಿದಿರಿ. ನಿಮ್ಮ ತಾಯಿಯ ರಿಪೋರ್ಟಿನಲ್ಲಿ ಮಾತ್ರ ಸಾಲ್ಮೊನೆಲ್ಲಾ, ಅಂದರೆ ಕೆಟ್ಟ ಊಟದಿಂದ ಹೊಟ್ಟೆ ಸೇರುವ ಬ್ಯಾಕ್ಟೀರಿಯಾ, ಎಂದು ಬಂದಿದೆ. ಊಟಕ್ಕೆ ಬಾರದೆ ಮನೆಯಲ್ಲೇ ಉಳಿದಿದ್ದ ಅಪ್ಪನಿಗೆ ಏನೂ ಆಗಿಲ್ಲ. ಈಗ ಹೋಟೆಲಿನವರು 15,000 ರೂಪಾಯಿ ಕೊಡ್ತೇವೆ, ವಿಷಯ ಇಲ್ಲಿಗೆ ಮುಗಿಯಿತು ಅಂತ ಈ ಕಾಗದಕ್ಕೆ ಸಹಿ ಹಾಕಿ ಅಂತಿದ್ದಾರೆ. ಕಾನೂನಿನಲ್ಲಿ ಬೇರೆ ದಾರಿ ಇದೆಯಾ ಅಂತ ಕೇಳಿದ್ದೀರಿ.

ಇದೆ. ಸಹಿ ಮಾತ್ರ ಇವತ್ತೇ ಹಾಕಬೇಡಿ.

ನಾನು ವಕೀಲೆ ಅಲ್ಲ. ಡೊಂಬಿವಲಿಯಲ್ಲಿದ್ದೇನೆ, ಇಂಥದ್ದೇ ಒಂದು ಕೇಸನ್ನು ಠಾಣೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಕೊನೆವರೆಗೆ ನಡೆಸಿದವಳು. ನಮ್ಮ ಅಕ್ಕನ ಮಗಳ ಮೆಹೆಂದಿ ದಿನ ಸಂಜೆ ಕ್ಯಾಟರಿಂಗ್‌ನವರು ಮೇಯೊನೀಸ್ ಹಾಕಿದ ಚಿಕನ್ ಸ್ಯಾಂಡ್‌ವಿಚ್ ಇಟ್ಟಿದ್ದರು. ಮೇ ತಿಂಗಳು, ಹಾಲ್‌ನಲ್ಲಿ ಎಸಿ ಇಲ್ಲ. ಆ ಸ್ಟೀಲ್ ತಟ್ಟೆ ಸಂಜೆ ಐದರಿಂದ ಒಂಬತ್ತರ ತನಕ ಟೇಬಲ್ ಮೇಲೆಯೇ ಇತ್ತು. ಬ್ರೆಡ್ಡಿನ ಅಂಚು ಒಣಗಿ ಮೇಲಕ್ಕೆ ಮಡಚಿಕೊಂಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಮನೆಗಳ ಹನ್ನೊಂದು ಜನ ಮಲಗಿದ್ದರು. ಭಾವನನ್ನು ಐದು ದಿನ ಆಸ್ಪತ್ರೆಯಲ್ಲಿ ಇಡಬೇಕಾಯಿತು.

ಕಾನೂನಿನ ಮಾತಿಗೆ ಮೊದಲು ಒಂದು ವಿಷಯ, ಯಾಕಂದ್ರೆ ಇಂಥ ಕೇಸುಗಳು ಬಿದ್ದುಹೋಗುವುದು ಇಲ್ಲಿಯೇ. ನಿಮಗೆ ಕಾಯಿಲೆ ಬಂದಿದ್ದು ಸತ್ಯ, ಅದನ್ನು ಯಾರೂ ಅಲ್ಲಗಳೆಯಲ್ಲ. ಆದರೆ ಅದು ಆ ತಟ್ಟೆಯಿಂದಲೇ ಬಂತು ಅಂತ ನೀವು ತೋರಿಸಬೇಕು. ಸಾಲ್ಮೊನೆಲ್ಲಾ ಹೊಟ್ಟೆಗೆ ಹೋದ ಆರು ಗಂಟೆಯಿಂದ ಆರು ದಿನದೊಳಗೆ ಯಾವಾಗ ಬೇಕಾದರೂ ಕಾಯಿಲೆ ಬರಬಹುದು. ಹಾಗಾಗಿ ಹೋಟೆಲಿನವರ ವಕೀಲರು ಮೊದಲು ಕೇಳುವುದೇ ಇದು: ಹಿಂದಿನ ಆರು ದಿನ ನೀವು ಬೇರೆಲ್ಲೂ ಏನೂ ತಿಂದಿಲ್ವಾ? ನಮ್ಮ ಕೇಸಿನಲ್ಲಿ ನಾಲ್ಕು ಬೇರೆ ಬೇರೆ ಮನೆಯವರು ಇದ್ದದ್ದು ನಮಗೆ ಬಲ ಆಯಿತು. ಆ ನಾಲ್ಕು ಮನೆಗೂ ಸಮನಾಗಿದ್ದದ್ದು ಆ ಸಂಜೆಯ ಊಟ ಒಂದೇ. ನಿಮ್ಮದು ಒಂದೇ ಮನೆ, ಆದ್ದರಿಂದ ಮನೆಯ ಊಟವೇ ಕಾರಣ ಅಂತ ಅವರು ವಾದ ಮಾಡಬಹುದು. ಆದರೆ ನೀವು ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ ಮಾತು ಇದೆಯಲ್ಲ, ಅಪ್ಪನಿಗೆ ಏನೂ ಆಗಿಲ್ಲ ಅನ್ನುವುದು, ಅದೇ ನಿಮ್ಮ ದೊಡ್ಡ ಸಾಕ್ಷಿ. ಮನೆಯ ಊಟ, ಮನೆಯ ನೀರು ಎಲ್ಲಾ ನಿಮ್ಮ ಹಾಗೆಯೇ ಅವರಿಗೂ ಹೋಗಿದೆ. ಹೋಟೆಲಿನ ಊಟ ಮಾತ್ರ ಹೋಗಿಲ್ಲ. ಅವರಿಂದ ಒಂದು ಅಫಿಡವಿಟ್ ಮಾಡಿಸಿ. ಅದೇ ದಿನ ಅಲ್ಲಿ ಊಟ ಮಾಡಿ ಕಾಯಿಲೆ ಬಿದ್ದ ಬೇರೆ ಯಾರಾದರೂ ಸಿಗ್ತಾರಾ ಅಂತಲೂ ಹುಡುಕಿ. ಆ ಹೋಟೆಲಿನ ಬಗ್ಗೆ ಆ ವಾರ ಜನ ಬರೆದ ಅಭಿಪ್ರಾಯಗಳನ್ನು ನೋಡಿ, ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಅಳಿಸಿ ಹೋಗಬಹುದು.

ಇವತ್ತು ರಾತ್ರಿಯೇ ಕೂತು ಆ ಆರು ದಿನ ಯಾರು ಯಾರು ಎಲ್ಲಿ ಏನು ತಿಂದಿರಿ ಅಂತ ಬರೆದಿಡಿ. ಹೋಟೆಲಿನಲ್ಲಿ ಯಾರು ಯಾವ ಪದಾರ್ಥ ತಿಂದರು, ಯಾರಿಗೆ ಎಷ್ಟು ಗಂಟೆಗೆ ಶುರುವಾಯಿತು, ಅದನ್ನೂ ಬರೆಯಿರಿ. ಒಂದು ತಿಂಗಳು ಕಳೆದ ಮೇಲೆ ಇದು ನೆನಪಿರಲ್ಲ.

ನಿಮ್ಮ ತಾಯಿ ಒಬ್ಬರದೇ ರಿಪೋರ್ಟ್ ಪಾಸಿಟಿವ್ ಬಂದಿದೆ ಅಂತ ಎದೆಗುಂದಬೇಡಿ. ನಮ್ಮ ಹನ್ನೊಂದು ಜನರಲ್ಲೂ ಭಾವನ ಮಲದ ಕಲ್ಚರ್ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಒಂದರಲ್ಲೇ ಸಾಲ್ಮೊನೆಲ್ಲಾ ಸಿಕ್ಕಿದ್ದು. ಉಳಿದವರೆಲ್ಲ, ನಾನೂ ಸೇರಿ, ಮೊದಲೇ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ನುಂಗಿದ್ದೆವು. ಔಷಧಿ ಶುರುವಾದ ಮೇಲೆ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಇರುವುದೇ ಜಾಸ್ತಿ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಕಾರ್ಡ್ ಒಂದೇ ಅಲ್ಲ, ಪೂರ್ತಿ ಕೇಸ್ ಪೇಪರ್‌ಗಳ ನಕಲು ಕೇಳಿ ತೆಗೆದುಕೊಳ್ಳಿ. ಸೇರಿಸುವಾಗ ಹೋಟೆಲ್ ಊಟದ ವಿಷಯ ಡಾಕ್ಟರ್ ಬರೆದುಕೊಂಡಿದ್ದರೆ ಆ ಒಂದು ಸಾಲಿಗೆ ತುಂಬಾ ಬೆಲೆ ಇದೆ.

ಈಗ ದಾರಿಗಳು. ಮೊದಲು ಗ್ರಾಹಕ ಆಯೋಗ, ನಿಮಗೆ ಹಣ ಸಿಗುವ ಭರವಸೆ ಜಾಸ್ತಿ ಇರುವುದು ಅಲ್ಲೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ, ರಾಜ್ಯ, ರಾಷ್ಟ್ರೀಯ ಇವುಗಳಲ್ಲಿ ಯಾವ ಆಯೋಗ ಅನ್ನುವುದು ನೀವು ಕೇಳುವ ಪರಿಹಾರದ ಮೇಲೆ ಅಲ್ಲ, ನೀವು ಕೊಟ್ಟ ಬೆಲೆಯ ಮೇಲೆ ನಿಲ್ಲುತ್ತದೆ. ಊಟದ ಬಿಲ್ ಎರಡೋ ಮೂರೋ ಸಾವಿರ, ಅಂದರೆ ಜಿಲ್ಲಾ ಆಯೋಗ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ನಿಮ್ಮ ಕಡೆಯವರಿಗೆ ಬಾಂದ್ರಾ ಪೂರ್ವದಲ್ಲಿ ಉಪನಗರ ಜಿಲ್ಲೆಯ ಆಯೋಗ ಇದೆ, ಆನ್‌ಲೈನಿನಲ್ಲೂ ಇ-ಜಾಗೃತಿ ಪೋರ್ಟಲ್ ಮೂಲಕ ಹಾಕಬಹುದು. ವಕೀಲರು ಬೇಕೇ ಬೇಕು ಅಂತಿಲ್ಲ. ನಾನು ಇಟ್ಟುಕೊಳ್ಳಲಿಲ್ಲ. ಘಟನೆಯಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ವಾಸ ಇರುವ ಜಾಗದಲ್ಲೇ ಕೊಡಬಹುದು, ಹೋಟೆಲ್ ಬೇರೆ ಊರಲ್ಲಿದ್ದರೂ ಸರಿ.

ಬಿಲ್ ಕಟ್ಟಿದವರು ಒಬ್ಬರೇ ಅಲ್ವಾ ಅಂತ ಹೋಟೆಲಿನವರು ತಕರಾರು ತೆಗೆದರೆ ಹೆದರಬೇಡಿ. ಹಣ ಕೊಟ್ಟವರ ಒಪ್ಪಿಗೆಯಿಂದ ಊಟ ಮಾಡಿದವರೂ ಗ್ರಾಹಕರೇ. ಮೆಹೆಂದಿಗೆ ಬಂದ ನೆಂಟರೂ ನಮ್ಮ ದೂರಿನಲ್ಲಿ ಸೇರಿದ್ದು ಹಾಗೆಯೇ. ದೂರಿನಲ್ಲಿ ಆಸ್ಪತ್ರೆ ಖರ್ಚು, ಔಷಧಿ, ಕೆಲಸಕ್ಕೆ ಹೋಗದ ದಿನಗಳ ಸಂಬಳ, ಅನುಭವಿಸಿದ ಕಷ್ಟ, ದೂರಿನ ಖರ್ಚು ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಯಿರಿ. ಒಟ್ಟು ಮೊತ್ತ ಮಾತ್ರ ಹಾಕಿದರೆ ಕಡಿಮೆ ಮಾಡುವುದು ಅವರಿಗೆ ಸುಲಭ. ಎದುರಿನವರು ನೋಟಿಸ್ ಸಿಕ್ಕ 30 ದಿನದಲ್ಲಿ ಉತ್ತರ ಕೊಡಬೇಕು, ಇನ್ನು 15 ದಿನ ಹೆಚ್ಚುವರಿ ಸಿಗಬಹುದು, ಅದರ ಮೇಲೆ ಇಲ್ಲ. 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹಾಗೆ ಹೇಳಿದೆ. ನಮ್ಮ ಕ್ಯಾಟರಿಂಗ್‌ನವರು 45 ದಿನ ದಾಟಿಸಿಬಿಟ್ಟರು, ಅವರ ಉತ್ತರ ದಾಖಲೆಗೇ ಸೇರಲಿಲ್ಲ. ತೀರ್ಪು ಬರಲು ಕಾಯ್ದೆ ಮೂರು ತಿಂಗಳು, ಪದಾರ್ಥದ ಲ್ಯಾಬ್ ಪರೀಕ್ಷೆ ಬೇಕಿದ್ದರೆ ಐದು ತಿಂಗಳು ಅನ್ನುತ್ತದೆ. ನಮಗೆ ಒಂದೂವರೆ ವರ್ಷ ಹಿಡಿಯಿತು, ಅದಕ್ಕೆ ತಯಾರಾಗಿರಿ.

ಎರಡನೆಯದು ಆಹಾರ ಇಲಾಖೆ, ಇಲ್ಲಿ ಎಲ್ಲರೂ ಎಫ್‌ಡಿಎ ಅನ್ನುವುದು. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ ಅವರ ಮುಖ್ಯ ಕಚೇರಿ ಇದೆ. ಇದನ್ನು ಇವತ್ತೇ ಮಾಡಿ, ಗ್ರಾಹಕ ಆಯೋಗಕ್ಕಿಂತ ಮೊದಲು. ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹೋಟೆಲಿನ ಬಿಲ್ಲಿನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರಬೇಕು, 2022ರ ಜನವರಿಯಿಂದ ಅದು ಕಡ್ಡಾಯ. ಇಲ್ಲದಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ. ನೀವು ತಿಂದ ಅಡುಗೆ ಈಗ ಅಲ್ಲಿ ಇರಲ್ಲ, ನಿಜ. ಆದರೆ ಅಧಿಕಾರಿ ಹೋದರೆ ನೀರು, ಹಸಿ ಮಾಂಸ, ಫ್ರಿಜ್, ಕೆಲಸದವರ ಆರೋಗ್ಯ ಪತ್ರ ಎಲ್ಲಾ ನೋಡ್ತಾರೆ. ಅಡುಗೆ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಲೇಬೇಕು ಅನ್ನುವುದು ನಿಯಮ. ನಮ್ಮ ಕ್ಯಾಟರಿಂಗ್‌ನವರಲ್ಲಿ ಒಬ್ಬನಿಗೂ ಆ ಪತ್ರ ಇರಲಿಲ್ಲ. ಇದು ನಮಗೆ ಗೊತ್ತಾಗಿದ್ದು ಹೇಗೆ ಅಂದರೆ, ನಾನು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ತಪಾಸಣೆ ವರದಿ ಕೇಳಿ ಪಡೆದೆ. ಮರಾಠಿಯಲ್ಲಿ ಕೈಬರಹದ ಎರಡು ಹಾಳೆ. ಆಯೋಗದವರು ಭಾವನ ರಿಪೋರ್ಟಿನ ಪಕ್ಕ ಅದನ್ನು ಇಟ್ಟು ಓದಿದರು.

ಈ ಇಲಾಖೆಯ ದಾರಿಯಲ್ಲೂ ಪರಿಹಾರ ಇದೆ, ತುಂಬಾ ಜನರಿಗೆ ಗೊತ್ತಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 65ನೇ ಕಲಂ ಪ್ರಕಾರ ಜೀವ ಹೋದರೆ ಕನಿಷ್ಠ 5 ಲಕ್ಷ, ತೀವ್ರ ಹಾನಿಯಾದರೆ 3 ಲಕ್ಷದ ತನಕ, ಉಳಿದ ಹಾನಿಗೆ 1 ಲಕ್ಷದ ತನಕ ಕೊಡಿಸಬಹುದು. 59ನೇ ಕಲಂನಲ್ಲಿ ಜೈಲು ಶಿಕ್ಷೆಯೂ ಇದೆ: ಅಸುರಕ್ಷಿತ ಆಹಾರದಿಂದ ಸಾಧಾರಣ ಹಾನಿಯಾದರೆ ಒಂದು ವರ್ಷದ ತನಕ, ತೀವ್ರ ಹಾನಿಯಾದರೆ ಆರು ವರ್ಷದ ತನಕ, ಸಾವಾದರೆ ಏಳು ವರ್ಷಕ್ಕೆ ಕಡಿಮೆಯಿಲ್ಲ. ಆದರೆ ಆ ಮೊಕದ್ದಮೆ ಹೂಡುವುದು ಇಲಾಖೆ, ನೀವಲ್ಲ. ಅವರ ಬೆನ್ನು ಹತ್ತಬೇಕಾಗುತ್ತದೆ.

ಪೊಲೀಸ್ ಠಾಣೆ ಮೂರನೆಯದು. ನಿಮ್ಮ ಕೇಸಿನಲ್ಲಿ ಅದರ ಹಿಂದೆ ಹೆಚ್ಚು ಓಡಾಡಬೇಡಿ ಅನ್ನುತ್ತೇನೆ. ಕಲಬೆರಕೆ ಆಹಾರದ ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) ಕಲಂಗಳಿಗಿಂತ ಆಹಾರ ಸುರಕ್ಷತಾ ಕಾಯ್ದೆಯೇ ಮೇಲು ಅಂತ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವಕ್ಕೆ ಅಪಾಯ ಆದಾಗ ಮಾತು ಬೇರೆ.

ಸಾರ್ವಜನಿಕ ಅನ್ನಸಂತರ್ಪಣೆಯಲ್ಲಿ ಉಚಿತವಾಗಿ ಉಂಡು ಹೀಗಾದರೆ ಅಂತ ಯಾರಾದರೂ ಕೇಳಬಹುದು. ಯಾರೂ ಬೆಲೆ ಕೊಡದ ಊಟಕ್ಕೆ ಗ್ರಾಹಕ ಆಯೋಗದಲ್ಲಿ ದಾರಿ ಕಷ್ಟ. ಆಹಾರ ಸುರಕ್ಷತಾ ಕಾಯ್ದೆ ಲಾಭಕ್ಕಾಗಿ ನಡೆಸದ ಅಡುಗೆಮನೆಗಳಿಗೂ ಇದೆ, ಆದ್ದರಿಂದ ಎಫ್‌ಡಿಎಗೆ ದೂರು ಕೊಡಬಹುದು.

ಇನ್ನು ಆ ಕಾಗದ. ನಮಗೂ ಕ್ಯಾಟರಿಂಗ್‌ನವರು ತಂದಿದ್ದರು, ಭಾವ ಡಿಸ್ಚಾರ್ಜ್ ಆದ ದಿನವೇ, ಹಣ್ಣಿನ ಬುಟ್ಟಿಯ ಜೊತೆ. ಇಂಗ್ಲಿಷಿನಲ್ಲಿ ಐದು ಸಾಲು. ಮೂರನೇ ಸಾಲಿನಲ್ಲಿ, ಪೂರ್ತಿ ತೃಪ್ತಿಯಿಂದ ಹಣ ಪಡೆದಿದ್ದೇವೆ, ಮುಂದೆ ಯಾವ ಕ್ಲೇಮೂ ಇಲ್ಲ ಅಂತ ಇತ್ತು. ಅಕ್ಕ ಆಸ್ಪತ್ರೆಯ ಬಿಲ್ ನೋಡಿ ಕಂಗಾಲಾಗಿದ್ದಳು, ಪೆನ್ ಕೈಗೆ ತಗೊಂಡಾಗಿತ್ತು. ನಾನು ತಡೆದೆ. ಮೂರು ವಾರ ಕಳೆದ ಮೇಲೆ ಭಾವನ ಎರಡೂ ಮಂಡಿ ಊದಿಕೊಂಡವು, ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕು. ಸಾಲ್ಮೊನೆಲ್ಲಾ ಆದ ಕೆಲವರಿಗೆ ವಾರಗಳ ನಂತರ ಕೀಲು ಉರಿಯೂತ ಬರುತ್ತದೆ ಅಂತ ಡಾಕ್ಟರ್ ಆಗ ಹೇಳಿದರು. ನಾಲ್ಕು ತಿಂಗಳು ಆ ಚಿಕಿತ್ಸೆ ನಡೆಯಿತು. ಅಂದು ಸಹಿ ಹಾಕಿದ್ದರೆ ಆ ನಾಲ್ಕು ತಿಂಗಳ ಖರ್ಚು ಕೇಳಲು ನಮಗೆ ಬಾಯಿಯೇ ಇರುತ್ತಿರಲಿಲ್ಲ. ಆಯೋಗ ಕೊನೆಗೆ ಕೊಡಿಸಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಮಂಡಿಯ ಬಾಬ್ತಿನದ್ದೇ. ನಿಮ್ಮ ತಾಯಿಗೆ ಹಾಗೆ ಆಗದಿರಲಿ, ಆದರೆ ಕಾದು ನೋಡದೆ ಸಹಿ ಹಾಕಬೇಡಿ.

ಹಣದ ತುರ್ತು ಇದ್ದರೆ ಹಣ ತಗೊಳ್ಳಿ, ತಪ್ಪೇನಿಲ್ಲ. ಬ್ಯಾಂಕ್ ಖಾತೆಗೇ ಹಾಕಲು ಹೇಳಿ. ಇದು ಇಲ್ಲಿಯವರೆಗಿನ ಆಸ್ಪತ್ರೆ ಖರ್ಚಿನ ಒಂದು ಭಾಗ ಮಾತ್ರ, ಉಳಿದ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ ಅಂತ ರಸೀದಿಯಲ್ಲಿ ನೀವೇ ಬರೆದು ಸಹಿ ಮಾಡಿ. ಅದಕ್ಕೆ ಅವರು ಒಪ್ಪದಿದ್ದರೆ ಆ ಹಣ ಯಾಕೆ ಕೊಡುತ್ತಿದ್ದರು ಅನ್ನುವುದು ನಿಮಗೇ ಗೊತ್ತಾಗುತ್ತದೆ. ಏನು ಮಾಡಬೇಕೆಂದು ತೋಚದಿದ್ದರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡಬಹುದು.

ಅವರು ಕೊಟ್ಟ ಕಾಗದದ ಒಕ್ಕಣೆಯನ್ನು, ಹೆಸರು ವಿಳಾಸ ತೆಗೆದು, ಇಲ್ಲಿ ಹಾಕಿ. ಸಾಲು ಸಾಲಾಗಿ ನೋಡಿ ಹೇಳ್ತೀನಿ.