ಓದುಗರ ಪ್ರಶ್ನೆ: ಮಲ್ಪೆ ಅಂದ್ರೆ ಬೀಚ್ ಅಷ್ಟೇನಾ?

ಪ್ರಶ್ನೆ: ನಮ್ಮ ಸಂತೇಲಿ ಮೀನಿನವರು ಯಾವಾಗ್ಲೂ "ಮಲ್ಪೆ ಮೀನು, ಫ್ರೆಶ್" ಅಂತ ಕೂಗ್ತಾರೆ. ರಜೆ ಸಿಕ್ಕಾಗ ಮಕ್ಕಳನ್ನ ಕರ್ಕೊಂಡು ಹೋಗಿ ನೀರಲ್ಲಿ ಆಡಿಸ್ಕೊಂಡು ಬರ್ತೀವಿ, ಆದ್ರೆ ಆ ಊರಿನ ಬಗ್ಗೆ ಏನೂ ಗೊತ್ತಿಲ್ಲ. ಅಲ್ಲಿನ ಹಿಸ್ಟರಿ, ಜನಜೀವನ ಸ್ವಲ್ಪ ಹೇಳ್ತೀರಾ?
- ಓದುಗರು, ಮೂಡಿಗೆರೆ

ಉತ್ತರ: ಈ ಪ್ರಶ್ನೆ ಕೇಳಿದ್ದು ನಿಜಕ್ಕೂ ಖುಷಿ ಆಯ್ತು. ನಮ್ಮ ಘಟ್ಟದ ಮೇಲಿನವರು ಹೆಚ್ಚಾಗಿ ಬೀಚಿಂದಾನೇ ವಾಪಸ್ ಬಂದ್ಬಿಡ್ತೀವಿ, ಆದ್ರೆ ಮಲ್ಪೆಯ ಜೀವ ಇರೋದು ದಕ್ಕೆಯಲ್ಲಿ, ಅಂದ್ರೆ ಬೋಟ್ ನಿಂತು ಮೀನು ಇಳಿಸೋ ಕಟ್ಟೆಯಲ್ಲಿ. ಉಡುಪಿಯಿಂದ ಸುಮಾರು 6 ಕಿಲೋಮೀಟರ್, ಹೊಳೆ ಸಮುದ್ರ ಸೇರೋ ಜಾಗ, ಎದುರಿಗೆ ದ್ವೀಪಗಳು ಅಡ್ಡ ನಿಂತಿವೆ, ಹಾಗಾಗಿ ಹಿಂದಿನ ಕಾಲದಿಂದ್ಲೂ ಹಡಗುಗಳಿಗೆ ಇದು ಒಳ್ಳೆ ಆಸರೆ. ಉಡುಪಿ ಕೃಷ್ಣನ ಕಥೆ ಶುರುವಾಗೋದೂ ಇಲ್ಲೇ ಅಲ್ವಾ. 13ನೇ ಶತಮಾನದಲ್ಲಿ ದ್ವಾರಕೆ ಕಡೆಯಿಂದ ಬಂದ ಹಡಗೊಂದು ಬಿರುಗಾಳಿಗೆ ಸಿಕ್ಕಾಗ ದಡದಲ್ಲಿದ್ದ ಮಧ್ವಾಚಾರ್ಯರು ಬಟ್ಟೆ ಬೀಸಿ ದಾರಿ ತೋರಿಸಿದ್ರು, ಹಡಗಿನವನು ಏನು ಬೇಕು ಅಂದಾಗ ಗೋಪೀಚಂದನದ ಗಡ್ಡೆ ಕೇಳಿ ತಗೊಂಡ್ರು, ಅದರೊಳಗಿದ್ದ ಕೃಷ್ಣ ಉಡುಪಿಗೆ ಹೋದ, ಬಲರಾಮ ಮಲ್ಪೆಯ ವಡಭಾಂಡೇಶ್ವರದಲ್ಲೇ ಉಳಿದ ಅನ್ನೋದು ನಂಬಿಕೆ. ಆಮೇಲೆ ಬಿದನೂರಿನ ನಾಯಕರ ಕಾಲದಲ್ಲಿ ಎದುರಿನ ಒಂದು ದ್ವೀಪದ ಮೇಲೆ ಕೋಟೆ ಎದ್ದಿತು, ಅದೇ ದರಿಯಾ ಬಹದ್ದೂರ್‌ಗಡ. 19ನೇ ಶತಮಾನದಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯವರು ಇಲ್ಲಿ ಹೆಂಚಿನ ಕಾರ್ಖಾನೆ ಮಾಡಿದ್ರು. ನಮ್ಮ ಕಡೆ ಹಳೇ ಮನೆ, ತೋಟದ ಲೈನ್‌ಗಳ ಮೇಲೆ ಕಾಣೋ ಮಂಗಳೂರು ಹೆಂಚಿನ ಕಸುಬು ಕರಾವಳಿಯಲ್ಲಿ ಬೆಳೆದಿದ್ದು ಇಂಥ ಕಾರ್ಖಾನೆಗಳಿಂದ.

ಆದ್ರೆ ಊರನ್ನ ಕಟ್ಟಿದವರು ಮೊಗವೀರರು. ಮನೇಲಿ ತುಳು, ಕಸುಬು ಮೀನುಗಾರಿಕೆ, ಊರೂರಿಗೆ ಗುರಿಕಾರರು ಅಂದ್ರೆ ಸಮುದಾಯದ ಮುಖ್ಯಸ್ಥರು, ಭಜನಾ ಮಂದಿರಗಳು, ಉಚ್ಚಿಲದ ಮಹಾಲಕ್ಷ್ಮಿ ಅಂದ್ರೆ ಪ್ರಾಣ. ಮೊದಲು ರಂಪಣಿ ಅಂತ ದೊಡ್ಡ ಬಲೆಯ ಮೀನುಗಾರಿಕೆ ಇತ್ತು, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡೇ ಮೀನಿನ ಹಿಂಡು ಎಲ್ಲಿದೆ ಅಂತ ಗುರುತಿಸೋರು, ದೋಣಿ ಒಂದು ದೊಡ್ಡ ಸುತ್ತು ಹೊಡೆದು ಬಲೆ ಬಿಟ್ಕೊಂಡು ಬರೋದು, ಆಮೇಲೆ ದಡದಲ್ಲಿ ಎರಡೂ ತುದಿ ಹಗ್ಗ ಹಿಡಿದು ಹತ್ತಾರು ಜನ ಒಟ್ಟಿಗೆ ಎಳೀತಾ ಎಳೀತಾ ಎರಡು ಸಾಲೂ ಹತ್ರ ಹತ್ರ ಬರೋದು, ಬಲೆ ದಡಕ್ಕೆ ಬಂದಾಗ ಬೂತಾಯಿ, ಬಂಗುಡೆ ರಾಶಿ. ಎಳೆದವರಿಗೆ ಪಾಲು, ಬಲೆಗೆ ಪಾಲು, ದೋಣಿಗೆ ಪಾಲು. ಊರಿಗೆ ಊರೇ ಒಂದೇ ಬಲೆಯಿಂದ ಉಣ್ಣೋ ವ್ಯವಸ್ಥೆ ಅದು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟ್ ಬಂತು, ಮೀನು ದಡಕ್ಕೆ ಬರೋ ಮೊದ್ಲೇ ಕಡಲಲ್ಲೇ ಸುತ್ತುವರೆದು ಹಿಡಿಯೋಕೆ ಶುರುವಾಯ್ತು, ಕೆಲವೇ ವರ್ಷದಲ್ಲಿ ದೊಡ್ಡ ರಂಪಣಿ ಮುಗಿದೇ ಹೋಯ್ತು. ಈಗ ಅಲ್ಲಲ್ಲಿ ಸಣ್ಣ ಕೈರಂಪಣಿ ಕಾಣುತ್ತೆ ಅಷ್ಟೇ. ದುಡ್ಡು ಬಂದಿದ್ದು ನಿಜ, ಬೋಟ್ ಬಂದ್ಮೇಲೆ ಮಲ್ಪೆ ರಾಜ್ಯದ ದೊಡ್ಡ ಮೀನುಗಾರಿಕಾ ಬಂದರಾಯ್ತು, ಆದ್ರೆ ಬೋಟ್ ಇದ್ದವರು, ಇಲ್ಲದವರು ಅನ್ನೋ ಅಂತರವೂ ಆವಾಗ್ಲೇ ಬಂತು ಅಂತ ನನಗನ್ಸುತ್ತೆ.

ದಕ್ಕೆ ನೋಡ್ಬೇಕಂದ್ರೆ ಬೆಳಗಿನ ಜಾವ ಹೋಗಿ. ಬೋಟಿಂದ ಬುಟ್ಟಿ ಬುಟ್ಟಿ ಮೀನು ಇಳೀತಾ ಇರುತ್ತೆ, ಒಂದು ಕಡೆ ಐಸ್ ಪುಡಿ ಮಾಡೋ ಸದ್ದು, ನಡುವೆ ತುಳುವಲ್ಲಿ ಏಲಂ ಕೂಗು, ಅಲ್ಲೇ ಹೆಂಗಸರು ಬಂಗುಡೆಯ ಕಿವಿರು ಎತ್ತಿ ಕೆಂಪು ನೋಡಿ ರೇಟು ಮಾತಾಡ್ತಿರ್ತಾರೆ. ಗಂಡಸರು ಕಡಲಿಗೆ ಹೋದ್ರೆ ದಡದ ವ್ಯಾಪಾರ ಪೂರ್ತಿ ಈ ಅಮ್ಮಂದಿರ ಕೈಲಿ, ಮಾರಿ ಬಂದ ದುಡ್ಡಲ್ಲೇ ಮನೆ, ಮಕ್ಕಳ ಫೀಸು ಎಲ್ಲಾ. ಅಲ್ಲಿ ಫೋಟೋ ತೆಗೆಯೋ ಮೊದ್ಲು ದಯವಿಟ್ಟು ಒಂದು ಮಾತು ಕೇಳಿ.

ಇನ್ನೊಂದು ವಿಷಯ ಹೇಳದೆ ಇರೋಕಾಗಲ್ಲ. 2018ರ ಡಿಸೆಂಬರ್ 13ಕ್ಕೆ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್, ಅದರಲ್ಲಿದ್ದ 7 ಜನ, ವಾಪಸ್ ಬರ್ಲೇ ಇಲ್ಲ. ಜನವರಿಯಲ್ಲಿ ಬಂದರು ಬಂದ್ ಮಾಡಿ ಸಾವಿರಾರು ಜನ ಉಡುಪಿ ಹೈವೇಗೆ ಇಳಿದ್ರು, 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಹತ್ರ ನೌಕಾಪಡೆಯವರಿಗೆ ಅವಶೇಷ ಸಿಕ್ತು. 7 ಜನರಲ್ಲಿ 5 ಜನ ಉತ್ತರ ಕನ್ನಡದವರು. ಮಲ್ಪೆ ಬೋಟ್‌ಗಳು ಓಡೋದು ಹೀಗೆ ಕುಮಟಾ, ಹೊನ್ನಾವರ, ಭಟ್ಕಳದಿಂದ ಬರೋ ಕಲಾಸಿಗಳ, ಅಂದ್ರೆ ಬೋಟ್ ಕೆಲಸಗಾರರ ದುಡಿಮೆ ಮೇಲೆ. ನಮ್ಮ ತಟ್ಟೆಗೆ ಬರೋ ಮೀನಿನ ಹಿಂದೆ ಅವರ ಮನೆಗಳೂ ಇವೆ.

ಪ್ರಶ್ನೆ: ಮಳೆಗಾಲ ಬಂದ್ರೆ ನಮ್ಮಲ್ಲಿ ಮೀನು ಸಿಗೋದೇ ಕಷ್ಟ, ಸಿಕ್ಕಿದ್ರೂ ವಿಪರೀತ ರೇಟು. ಯಾಕೆ?
- ಓದುಗರು, ಸಕಲೇಶಪುರ

ಉತ್ತರ: ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟ್ ಕಡಲಿಗಿಳಿಯೋ ಹಾಗಿಲ್ಲ. ತುಂಬಾ ಮೀನು ಮೊಟ್ಟೆ ಇಡೋ ಕಾಲ ಅದು, ಕಡಲೂ ರಫ್ ಇರುತ್ತೆ. 10 ಎಚ್‌ಪಿ ವರೆಗಿನ ಎಂಜಿನ್ ಇರೋ ನಾಡದೋಣಿಗೆ ಮಾತ್ರ ಅವಕಾಶ, ಅವರೂ ಒಂದು ತೂಫಾನ್ ಎದ್ದು ಕಡಲು ಕಲಕಲಿ ಅಂತ ಕಾಯ್ತಾರೆ, ಆಮೇಲೆ ಸಿಗಡಿ ಚೆನ್ನಾಗಿ ಸಿಗುತ್ತೆ. ಆಗಸ್ಟಲ್ಲಿ ವಡಭಾಂಡೇಶ್ವರದಲ್ಲಿ ಸಮುದ್ರ ಪೂಜೆ, ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸ್ತಾರೆ. ರೇಟು ಜಾಸ್ತಿ ಅಂತ ಬೇಜಾರಾಗ್ಬೇಡಿ, ಈ ರಜೆ ಸರಿಯಾಗಿ ಪಾಲಿಸಿದ್ರೇನೇ ಮುಂದಿನ ವರ್ಷಕ್ಕೆ ಮೀನು. ಅಲ್ಲೀತನಕ ನಮ್ಮ ಮಲೆನಾಡಿಗೆ ಒಣಮೀನು ಇದ್ದೇ ಇದೆಯಲ್ಲ.

ಪ್ರಶ್ನೆ: ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಗಳನ್ನ ಹಳೇಬೀಡಿನ ಕಂಬದ ಥರ ಯಾರಾದ್ರೂ ಕೆತ್ತಿದ್ದಾ?
- ವಿದ್ಯಾರ್ಥಿನಿ, ಹಾಸನ

ಉತ್ತರ: ಇಲ್ಲಮ್ಮ, ಯಾರೂ ಕೆತ್ತಿಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರೆಯಾಗೋ ಹೊತ್ತಲ್ಲಿ ಉಕ್ಕಿದ ಲಾವಾ ತಣ್ಣಗಾಗ್ತಾ ಕುಗ್ಗಿ, ಬಿರುಕು ಬಿಟ್ಟು, ಐದು ಆರು ಮೂಲೆಯ ಕಂಬಗಳಾಗಿವೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು ಹೆಸರಿಟ್ಟ ಅಂತಾರೆ. ಕಲ್ಲಿನ ಚೂರು ನೆನಪಿಗೆ ಅಂತ ಎತ್ಕೊಂಡು ಬರ್ಬೇಡಿ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟ್ ಬಿಡಲ್ಲ, ದಸರಾ ರಜೆ ಆದ್ಮೇಲೆ ಹೋಗೋದು ಒಳ್ಳೇದು.