ಕಾರ್ಡೋಬಾದ ಮಸೀದಿಯೊಳಗೊಂದು ಇಗರ್ಜಿ

ಪ್ರಶ್ನೆ: ಮುಂದಿನ ಮೇ ತಿಂಗಳಲ್ಲಿ ಮಗಳ ಮನೆಗೆಂದು ಮ್ಯಾಡ್ರಿಡ್‌ಗೆ ಹೋಗುವವರಿದ್ದೇವೆ. ನಮ್ಮೂರ ಕೋಟೆಯ ಜಾಮಿಯಾ ಮಸೀದಿಗೆ ಸ್ಪೇನ್‌ನ ಕಾರ್ಡೋಬಾದ ಮಸೀದಿಯೇ ಮಾದರಿ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಇದು ನಿಜವೇ? ಅಲ್ಲಿ ಮಸೀದಿಯ ನಡುವೆಯೇ ಇಗರ್ಜಿ ಇದೆಯಂತೆ, ಅದು ಹೇಗೆ ಬಂತು? ನೋಡಲು ಒಂದು ದಿನ ಸಾಕೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಆ ಮಾತು ಬಹಳ ಕಾಲದಿಂದ ಪ್ರಚಾರದಲ್ಲಿದೆ, ಆದರೆ ಎರಡನ್ನೂ ಕಣ್ಣಾರೆ ಕಂಡವರಿಗೆ ಅದನ್ನು ಒಪ್ಪುವುದು ಕಷ್ಟ. 1367ರ ಕಲಬುರಗಿಯ ಮಸೀದಿಗೆ ತೆರೆದ ಅಂಗಳವೇ ಇಲ್ಲ; ಗಿಡ್ಡ ಕಂಬಗಳಿಂದ ಹೊರಡುವ ಅಗಲವಾದ ಕಮಾನುಗಳ ಮೇಲೆ ಗುಮ್ಮಟಗಳ ಸಾಲು ಇಡೀ ಕಟ್ಟಡವನ್ನು ಮುಚ್ಚಿದೆ. ಕಾರ್ಡೋಬಾದಲ್ಲಿ ಮೊದಲು ಎದುರಾಗುವುದೇ ಕಿತ್ತಳೆ ಮರಗಳ ವಿಶಾಲ ಅಂಗಳ. ಹೋಲಿಕೆ ಇದ್ದರೆ, ಕಮಾನಿನ ಹಿಂದೆ ಕಮಾನು ಕಾಣುತ್ತ ಹೋಗುವ ಆ ಅನುಭವದಲ್ಲಿ ಮಾತ್ರ.

ಕಾರ್ಡೋಬಾದ ಮುಸ್ಲಿಂ ದೊರೆ ಒಂದನೆಯ ಅಬ್ದುರ್ ರಹಮಾನ್ 785ರ ಸುಮಾರಿಗೆ ಕೆಲಸ ಆರಂಭಿಸಿದಾಗ, ಹಳೆಯ ರೋಮನ್ ಕಟ್ಟಡಗಳ ಮತ್ತು ಮುಸ್ಲಿಮರಿಗೆ ಮುಂಚೆ ಅಲ್ಲಿ ಆಳಿದ ವಿಸಿಗಾಥರ ಕಟ್ಟಡಗಳ ಕಂಬಗಳನ್ನೇ ತಂದು ನಿಲ್ಲಿಸಿದರು. ಅವುಗಳ ಎತ್ತರ ಒಂದೇ ಸಮನಾಗಿರಲಿಲ್ಲ, ಅಷ್ಟು ದೊಡ್ಡ ಸಭಾಂಗಣಕ್ಕೆ ಬೇಕಾದಷ್ಟು ಎತ್ತರವೂ ಇರಲಿಲ್ಲ. ಆದ್ದರಿಂದ ಕಂಬದ ತಲೆಯ ಮೇಲೆ ಇನ್ನೊಂದು ಚೌಕ ಕಂಬವನ್ನು ಎಬ್ಬಿಸಿ, ಕೆಳಗೊಂದು ಮೇಲೊಂದು ಕಮಾನು ಕಟ್ಟಿ, ಚಾವಣಿಯನ್ನು ಎತ್ತರಕ್ಕೆ ಒಯ್ದರು. ಕೆಂಪು ಇಟ್ಟಿಗೆ, ಬಿಳಿ ಕಲ್ಲು ಒಂದರ ಪಕ್ಕ ಒಂದಾಗಿ ಬರುವ ಪಟ್ಟೆಗಳು ಆ ಕಮಾನುಗಳವೇ. ಒಳಗೆ ಕಾಲಿಟ್ಟೊಡನೆ ಮೇಲೆ ನೋಡದೆ, ನಾಲ್ಕಾರು ಕಂಬಗಳ ಬುಡ ಮತ್ತು ತಲೆಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ: ಕಲ್ಲಿನ ಬಣ್ಣ ಬೇರೆ, ಬೋದಿಗೆಯ ಕೆತ್ತನೆ ಬೇರೆ. ಇಂದು ಉಳಿದಿರುವ ಕಂಬಗಳೇ ಎಂಟುನೂರಕ್ಕೂ ಹೆಚ್ಚು.

ಅಂಗಳದ ಕಡೆಯಿಂದ ದಕ್ಷಿಣಕ್ಕೆ ನೇರವಾಗಿ ನಡೆದರೆ ಕಾಲಾನುಕ್ರಮದಲ್ಲಿಯೇ ನಡೆದಂತಾಗುತ್ತದೆ, ಏಕೆಂದರೆ ಮುಂದಿನ ದೊರೆಗಳು ಅತ್ತಲೇ ಬೆಳೆಸುತ್ತ ಹೋದರು. ಕೊನೆಯಲ್ಲಿರುವುದು ಹತ್ತನೆಯ ಶತಮಾನದಲ್ಲಿ ಎರಡನೆಯ ಅಲ್ ಹಕಮ್ ಮಾಡಿಸಿದ ಮಿಹ್ರಾಬ್, ಅಂದರೆ ಪ್ರಾರ್ಥನೆಯ ದಿಕ್ಕನ್ನು ತೋರುವ ಗೋಡೆಯ ಗೂಡು. ಅದರ ಬಂಗಾರದ ಮೊಸಾಯಿಕ್ ಕೆಲಸದಲ್ಲಿ ಬೈಜಾಂಟಿಯಂನ ಕುಶಲಕರ್ಮಿಯ ಕೈವಾಡವಿದೆ. ಆ ಮಿಹ್ರಾಬ್ ಇಂದು ಗೋಡೆಯ ನಟ್ಟನಡುವೆ ಇಲ್ಲದಿರುವುದಕ್ಕೆ ಕಾರಣ, ಅಲ್ ಹಕಮನ ಮಗನ ಕಾಲದ ಪ್ರಬಲ ಮಂತ್ರಿ ಅಲ್ ಮನ್ಸೂರ್. ದಕ್ಷಿಣಕ್ಕೆ ನದಿ ಅಡ್ಡವಿದ್ದುದರಿಂದ ಆತ ಪೂರ್ವಕ್ಕೆ ವಿಸ್ತರಿಸಿದ. ಆ ಭಾಗದ ಕಮಾನುಗಳ ಕೆಂಪು ಬರೀ ಬಣ್ಣ, ಇಟ್ಟಿಗೆಯಲ್ಲ. ಅವಸರದ ಕೆಲಸ ಎಂದೇ ನನ್ನ ಅಭಿಪ್ರಾಯ.

1236ರಲ್ಲಿ ಕ್ರೈಸ್ತ ರಾಜ್ಯವಾದ ಕ್ಯಾಸ್ಟೈಲ್‌ನ ಮೂರನೆಯ ಫರ್ಡಿನಂಡ್ ಊರನ್ನು ಗೆದ್ದು ಮಸೀದಿಯನ್ನು ಕೆಥೆಡ್ರಲ್ ಆಗಿ ಪರಿವರ್ತಿಸಿದರೂ, ಸುಮಾರು ಮುನ್ನೂರು ವರ್ಷ ದೊಡ್ಡ ಒಡೆತವೇನೂ ಆಗಲಿಲ್ಲ. 1523ರಲ್ಲಿ ಬಿಷಪ್ ಅಲೊನ್ಸೊ ಮನ್ರಿಕೆ ನಡುಭಾಗದ ಕಂಬಗಳನ್ನು ಕೆಡವಿ ಎತ್ತರದ ಇಗರ್ಜಿ ಕಟ್ಟಿಸಲು ಹೊರಟಾಗ ವಿರೋಧಿಸಿದ್ದು ನಗರದ ಕ್ರೈಸ್ತ ಆಡಳಿತ ಮಂಡಳಿಯೇ. ವಿವಾದ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಮುಂದೆ ಹೋಯಿತು. ಆತ ಬಿಷಪ್ಪರ ಪಕ್ಷ ವಹಿಸಿದ. ಆಮೇಲೆ ಬಂದು ನೋಡಿ, ಎಲ್ಲಿಯೂ ಇಲ್ಲದ್ದನ್ನು ಕೆಡಿಸಿ ಎಲ್ಲಿಯೂ ಇರುವುದನ್ನು ಕಟ್ಟಿದಿರಿ ಎಂದು ಮರುಗಿದನೆಂಬ ಕಥೆ ಪ್ರಚಲಿತವಾಗಿದೆ. ಗ್ರಾನಡಾದಲ್ಲಿ ಮುಸ್ಲಿಂ ದೊರೆಗಳ ಅರಮನೆಯಾಗಿದ್ದ ಅಲ್ಹಂಬ್ರಾದೊಳಗೆ ತನ್ನದೇ ಅರಮನೆ ಎಬ್ಬಿಸಿದವನೂ ಅವನೇ ಎಂಬುದನ್ನು ಕಥೆ ಹೇಳುವವರು ಮರೆಯುತ್ತಾರೆ. ಏನೇ ಇರಲಿ, ಇಗರ್ಜಿಯನ್ನು ಬೇಸರದಿಂದ ದಾಟಿ ಹೋಗಬೇಡಿ. ನೆರಳಿನ ಕಂಬಗಳ ನಡುವಿನಿಂದ ಒಮ್ಮೆಗೇ ಬಿಳಿ ಬೆಳಕಿನ ಎತ್ತರಕ್ಕೆ ಬರುವ ಆ ಹೆಜ್ಜೆಯೇ ಈ ಕಟ್ಟಡದ ವಿಶೇಷ.

ಮ್ಯಾಡ್ರಿಡ್‌ನಿಂದ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ ತಲುಪಬಹುದು, ಆದರೂ ಒಂದು ರಾತ್ರಿ ಉಳಿಯಿರಿ. ಎರಡನೆಯ ದಿನ ರೋಮನ್ ಸೇತುವೆ, 1315ರ ಪುಟ್ಟ ಯೆಹೂದಿ ಪ್ರಾರ್ಥನಾ ಮಂದಿರ ಮತ್ತು ಊರಾಚೆಯ ಮದೀನಾ ಅಸಹರಾ ಎಂಬ ಹಳೆಯ ಅರಮನೆ-ನಗರದ ಅವಶೇಷಗಳಿಗೆ ಸಮಯ ಸಿಗುತ್ತದೆ. ಮೇ ಮೊದಲಾರ್ಧದಲ್ಲಿ ಮನೆಗಳ ಹೂವಿನ ಅಂಗಳಗಳ ಉತ್ಸವವಿರುವುದರಿಂದ ವಸತಿಯನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು.

ಪ್ರಶ್ನೆ: ಕಾರ್ಡೋಬಾದಲ್ಲಿ ಸಸ್ಯಾಹಾರಿಗಳು ಏನು ತಿನ್ನಬಹುದು?
– ಓದುಗರೊಬ್ಬರು, ಧಾರವಾಡ

ಉತ್ತರ: ಕರಿದ ಬದನೆಕಾಯಿಗೆ ಜೇನು ಸುರಿದು ಕೊಡುವ ತಿನಿಸು ಅಲ್ಲಿ ಎಲ್ಲೆಡೆ ಸಿಗುತ್ತದೆ, ರುಚಿಯೂ ಚೆನ್ನ. ಟೊಮೇಟೊ, ಬ್ರೆಡ್ಡು, ಆಲಿವ್ ಎಣ್ಣೆ ರುಬ್ಬಿ ಮಾಡುವ ತಣ್ಣನೆಯ ಸಲ್ಮೊರೇಹೊ ಕೂಡ ಒಗ್ಗುತ್ತದೆ. ಅದರ ಮೇಲೆ ಮೊಟ್ಟೆ ಮತ್ತು ಹಂದಿಮಾಂಸದ ಚೂರುಗಳನ್ನು ಉದುರಿಸುವುದು ವಾಡಿಕೆಯಾದ್ದರಿಂದ, ಅವೆರಡೂ ಬೇಡವೆಂದು ಮೊದಲೇ ಹೇಳಿ.