ತಿಪ್ಪೆ, ಬ್ರೆಡ್ಡು, ಬಿಯರು: ಇದೂ ಇತಿಹಾಸವೇ ಸ್ವಾಮಿ

ಧಾರವಾಡದ ಹಿರಿಯ ಓದುಗರೊಬ್ಬರು ಸಿಟ್ಟಾಗಿದ್ದಾರೆ. ಸ್ಕಾಟ್ಲೆಂಡಿನ ಹಳೆಯ ಪಟ್ಟಣ ಸಭೆಗಳ ಬಗ್ಗೆ ಹೋದ ತಿಂಗಳು ನಾವು ಹಾಕಿದ ಲೇಖನದಲ್ಲಿ "ಬ್ರೆಡ್ಡಿನ ತೂಕ, ಬಿಯರಿನ ಬೆಲೆ, ಬೀದಿಯ ತಿಪ್ಪೆ ಬಿಟ್ಟರೆ ಏನೂ ಇಲ್ಲ. ರಾಜರೆಲ್ಲಿ? ಯುದ್ಧಗಳೆಲ್ಲಿ? ಇದನ್ನು ಇತಿಹಾಸ ಅಂತ ಯಾರು ಓದಬೇಕು?" ಎಂದು ಕೇಳಿದ್ದಾರೆ.

ರಾಜರು ಬೇಕು, ಒಪ್ಪಿದೆ. ರಾಜ ಸನ್ನದು ಕೊಡದಿದ್ದರೆ ಆ ಊರುಗಳಿಗೆ ಸಂತೆ ನಡೆಸುವ ಹಕ್ಕೇ ಇರುತ್ತಿರಲಿಲ್ಲ. ಆಯ್ತಲ್ಲ, ಈಗ ತಿಪ್ಪೆಗೆ ಬರೋಣ.

ಅಬರ್ಡೀನ್ ಊರಿನ ಸಭೆಯ ದಫ್ತರಗಳು 1398 ರಿಂದ ಉಳಿದುಕೊಂಡಿವೆ. ನಡುವೆ ಒಂದು ಸಂಪುಟ ಕಳೆದುಹೋಗಿದೆ, ಅಷ್ಟೇ. ಉಳಿದವುಗಳಲ್ಲಿ ಏನಿದೆ ಅಂದರೆ ಎಲ್ಲ ಇದೆ. ಸಾಲ, ಬೈಗುಳ, ಗಡಿ ತಕರಾರು, ಸತ್ತವರು ಬಿಟ್ಟುಹೋದ ಪಾತ್ರೆ ಪಗಡೆ. ತೀರಿಕೊಂಡ ಒಬ್ಬರ ಸಾಮಾನಿನ ಬಗ್ಗೆ 1505 ರಲ್ಲಿ ಬರೆದ ಲೆಕ್ಕದಲ್ಲಿ ಮದ್ಯ ಭಟ್ಟಿ ಇಳಿಸುವ ಪಾತ್ರೆಯೊಂದು ಸಿಕ್ಕಿತು. ವಿಸ್ಕಿಯ ಇತಿಹಾಸ ಬರೆಯುವವರು ಕುಣಿದಾಡಿದರು! ಯಾವ ರಾಜನ ಚರಿತ್ರೆಯಲ್ಲಿ ಸಿಗುತ್ತಿತ್ತು ಅದು?

ನೀವು ತಮಾಷೆ ಮಾಡಿದ ಬ್ರೆಡ್ಡನ್ನೇ ತೆಗೆದುಕೊಳ್ಳಿ. ಧಾನ್ಯದ ಬೆಲೆ ನೋಡಿ ಬ್ರೆಡ್ಡು ಎಷ್ಟು ತೂಗಬೇಕು ಅಂತ ಸಭೆಯೇ ಗೊತ್ತು ಮಾಡುತ್ತಿತ್ತು. ಬಿಯರು ರುಚಿ ನೋಡಿ ದರ ಹೇಳುವುದಕ್ಕೇ ಜನ ನೇಮಕವಾಗಿದ್ದರು (ಆ ಕೆಲಸಕ್ಕೆ ಅರ್ಜಿ ಕಮ್ಮಿ ಬಂದಿರಲಿಕ್ಕಿಲ್ಲ). ಸಂತೆಗೆ ಬರುವ ಮಾಲನ್ನು ದಾರಿಯಲ್ಲೇ ಅಡ್ಡಹಾಕಿ ಕೊಂಡು, ಆಮೇಲೆ ಜಾಸ್ತಿ ಬೆಲೆಗೆ ಮಾರಿದರೆ ಅದು ಅಪರಾಧ. ದೇಶದ ಮಾದರಿ ಅಳತೆಗಳನ್ನು ಕಾಯುವುದರಲ್ಲೂ ಊರಿಗೊಂದು ಜವಾಬ್ದಾರಿ: ಮೊಳದ ಕೋಲು ಎಡಿನ್‌ಬರೋದ್ದು, ತೂಕದ ಕಲ್ಲು ಲ್ಯಾನರ್ಕ್‌ದು, ಧಾನ್ಯದ ಕೊಳಗ ಲಿನ್‌ಲಿತ್‌ಗೋದ್ದು, ಪೈಂಟಿನ ತಂಬಿಗೆ ಸ್ಟರ್ಲಿಂಗ್‌ದು. ಆ ಪೈಂಟು ಸುಮಾರು 1.7 ಲೀಟರು, ಸಣ್ಣದೇನಲ್ಲ.

ತಿಪ್ಪೆ ತೆಗೆಯಿರಿ, ಹಂದಿ ಬಿಡಬೇಡಿ ಅನ್ನುವ ಆಜ್ಞೆ ಮತ್ತೆ ಮತ್ತೆ ಬರುತ್ತದೆ, ಬೇಜಾರು ಅಂದಿರಿ. ಮತ್ತೆ ಮತ್ತೆ ಯಾಕೆ ಬರೆದರು? ಯಾರೂ ಕೇಳಲಿಲ್ಲ, ಅದಕ್ಕೆ!

ಯುದ್ಧ ಓದಿ ಕಣ್ಣೀರು ಹಾಕಿದವರು ನೀವು, ಇದನ್ನೂ ಓದಿ. 1530, ಎಡಿನ್‌ಬರೋದಲ್ಲಿ ಪ್ಲೇಗು. ಡೇವಿಡ್ ಡ್ಯೂಲಿ ಅನ್ನುವ ದರ್ಜಿ ಹೆಂಡತಿಗೆ ಪ್ಲೇಗು ಬಂದದ್ದನ್ನು ಮುಚ್ಚಿಟ್ಟು ಚರ್ಚಿಗೆ ಹೋಗಿ ಜನರ ನಡುವೆ ನಿಂತ. ಅವನ ಮನೆ ಬಾಗಿಲಲ್ಲೇ ಗಲ್ಲಿಗೆ ಹಾಕಿ ಅಂತ ತೀರ್ಪಾಯಿತು. ಹಾಕಿದರು. ಹಗ್ಗ ಹರಿಯಿತು. ಇದು ದೇವರ ಇಚ್ಛೆ, ಪಾಪ ಬಡವ, ಮನೆಯಲ್ಲಿ ಸಣ್ಣ ಮಕ್ಕಳಿವೆ ಅಂತ ಅವನ ಜೀವ ಉಳಿಸಿ, ಊರಿಂದ ಜೀವನಪೂರ್ತಿ ಗಡೀಪಾರು ಮಾಡಿದರು. ಇಷ್ಟನ್ನೂ ಬರೆದಿಟ್ಟವನು ಸಭೆಯ ಗುಮಾಸ್ತ. ಕತೆ ಹೇಳುವುದು ಅವನ ಕೆಲಸವೂ ಆಗಿರಲಿಲ್ಲ.

ಸಭೆಯವರು ಸಂತರು ಅಂತ ನಾನೇನೂ ಹೇಳುತ್ತಿಲ್ಲ. 1469 ರ ಕಾಯ್ದೆ ಪ್ರಕಾರ ಹಳೆ ಸಭೆಯೇ ಹೊಸ ಸಭೆಯನ್ನು ಆರಿಸುತ್ತಿತ್ತು. ಅಂದರೆ ವ್ಯಾಪಾರಿ ಕುಟುಂಬಗಳು ತಮ್ಮನ್ನು ತಾವೇ ಆರಿಸಿಕೊಂಡು ಕೂತವು. 1817 ರಲ್ಲಿ ಅಬರ್ಡೀನ್ ದಿವಾಳಿ, 1833 ರಲ್ಲಿ ಎಡಿನ್‌ಬರೋ ದಿವಾಳಿ. ಅದೇ 1833 ರಲ್ಲಿ ಸುಧಾರಣೆ ಬಂದು, 10 ಪೌಂಡು ಬಾಡಿಗೆ ಮೌಲ್ಯದ ಮನೆ ಇದ್ದವರಿಗೆ ಮತ ಸಿಕ್ಕಿತು. ಆದರೆ ತಮ್ಮ ಬಂಡವಾಳ ಬಯಲಾಗುವ ಕಾಗದಗಳನ್ನೂ ಆ ಸಭೆಯವರು ಜೋಪಾನ ಮಾಡಿದ್ದರು ನೋಡಿ, ಅಲ್ಲಿಗೆ ನಾನು ಸೋತೆ.

ನಮ್ಮಲ್ಲಿ? ನನಗೆ ಪರಿಚಯವಿರುವ ಒಂದು ಕಚೇರಿಯಲ್ಲಿ ಹಳೆ ನಡಾವಳಿ ಪುಸ್ತಕ ಕೇಳಿದರೆ ಗೆದ್ದಲು ಹಿಡಿದಿತ್ತು, ರದ್ದಿಗೆ ಹೋಯಿತು ಅಂದರು, ಅದೂ ನಗುತ್ತಾ. ಉಳಿದ ಪುಸ್ತಕಗಳಲ್ಲಾದರೂ ಏನಿತ್ತು? "ವಿಷಯ ಮಂಡಿಸಲಾಯಿತು, ಚರ್ಚಿಸಲಾಯಿತು, ಅಂಗೀಕರಿಸಲಾಯಿತು." ಯಾರು ಕೂಗಾಡಿದರು, ನಲ್ಲಿ ನೀರು ಯಾವ ಓಣಿಗೆ ಬರಲಿಲ್ಲ, ಯಾರ ಭಾವಮೈದನಿಗೆ ಗುತ್ತಿಗೆ ಸಿಕ್ಕಿತು, ಒಂದಕ್ಷರ ಇಲ್ಲ. ಕೋಟೆ ಮುಂದೆ ಫೋಟೋ ತೆಗೆಸಿಕೊಳ್ಳಲು ಎಲ್ಲರೂ ಸಾಲಾಗಿ ನಿಲ್ಲುತ್ತಾರೆ, ಒಂದು ಕಪಾಟಿಗೆ ಔಷಧಿ ಹೊಡೆಸಲು ಯಾರ ಹತ್ತಿರವೂ ದುಡ್ಡಿಲ್ಲ.

ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿ ಪುರಸಭೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದೆ ಎಂದು ಸುಮ್ನೆ ಹೇಳಿ ಬಿಟ್ಟಿದ್ದೀರಿ. ಸ್ವಾಮಿ, ಅದನ್ನು ಮೊದಲೇ ಹೇಳಬಾರದಿತ್ತಾ? ನಡಾವಳಿಯಲ್ಲಿ ಬರೆಯಲಾಗದ್ದು ನಿಮಗೆ ನೆನಪಿರಬೇಕಲ್ವಾ? ಹೆಸರು ಬಿಟ್ಟು ಬರೆದು ಕಳಿಸಿ. ಗೌರವಧನ ಕಮ್ಮಿ, ಅದನ್ನು ಈಗಲೇ ದಾಖಲಿಸಿಬಿಡುತ್ತೇನೆ.